ಐತಾಳರು ಕೇಳಿದ ಒಂದೇ ಪ್ರಶ್ನೆ

ವಾರಿಜಾ, ನಿನ್ನ ದನಿ ಒಡೆದದ್ದು ಹುಟ್ಟಿನ ದೋಷದಿಂದಲ್ಲ. ಸರ್ಪದೋಷದಿಂದಂತೂ ಅಲ್ಲವೇ ಅಲ್ಲ. ಅದನ್ನು ಒಡೆದವಳು ನಾನು. ಹದಿನಾರು ಶನಿವಾರ, ವಾರಕ್ಕೊಂದರಂತೆ ಹದಿನಾರು ಇಂಜೆಕ್ಷನ್ನು — ಗಂಡಸಿನ ಹಾರ್ಮೋನಿನ ಒಡಹುಟ್ಟಿದ ಮದ್ದು ಅದು — ಶಕ್ತಿ ಬರುತ್ತದೆ ಎಂದು ಹೇಳಿ ನಿನಗೆ ಚುಚ್ಚಿದೆ. ಆಮೇಲೆ ನೀನೇ ಬಂದು, ಇದು ಆ ಇಂಜೆಕ್ಷನ್ನಿಂದ ಆದದ್ದಾ ಎಂದು ನೇರವಾಗಿ ಕೇಳಿದಾಗ, ಅಲ್ಲ ಎಂದೆ. ನಿನ್ನ ಮೈಯ ಗುಣವೇ ಹಾಗೆ ಎಂದೆ.

ಬರೆದಾಯಿತು. ಇಷ್ಟು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದು ಕಾಗದದ ಮೇಲೆ ಕಾಲು ಪುಟವೂ ಆಗಲಿಲ್ಲ. ಇಲ್ಲಿಗೇ ನಿಲ್ಲಿಸಿ ಸಹಿ ಹಾಕಿಬಿಡೋಣ ಎಂದು ಒಮ್ಮೆ ಪೆನ್ನಿನ ಮುಚ್ಚಳ ಹಾಕಿದೆ. ಮತ್ತೆ ತೆಗೆದೆ. ನಿನಗೆ ಗೊತ್ತಿರುವ ಕಥೆಯನ್ನೇ ಮೊದಲಿನಿಂದ ಹೇಳುತ್ತೇನೆ, ಯಾಕೆಂದರೆ ನಿನಗೆ ಗೊತ್ತಿರುವುದರಲ್ಲಿ ಅರ್ಧ ನಾನು ಹೇಳಿದ ಸುಳ್ಳು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಕೀಲ್ಪಾಕಿನ ಅಡ್ಡರಸ್ತೆಯಲ್ಲಿ ಔಷಧಿ ಅಂಗಡಿಯ ಮೇಲಿನ ಎರಡು ಕೋಣೆ ನನ್ನ ಕ್ಲಿನಿಕ್ಕು. ಮೂಳೆ, ಕೀಲು, ಆಟಗಾರರಿಗೆ ಬಿದ್ದ ಪೆಟ್ಟು — ಇದು ನಾನು ಕಲಿತ ವಿದ್ಯೆ. ಬೋರ್ಡಿನಲ್ಲಿ ‘ಕ್ರೀಡಾ ವೈದ್ಯೆ’ ಎಂದು ಇಂಗ್ಲಿಷಿನಲ್ಲೂ ತಮಿಳಿನಲ್ಲೂ ಬರೆಸಿದ್ದೆ. ಓದಿದವರು ಇದೆಂಥ ಡಾಕ್ಟರು, ಜ್ವರಕ್ಕೆ ಮದ್ದು ಕೊಡುತ್ತಾಳೋ ಇಲ್ಲವೋ ಎಂದು ಮೆಟ್ಟಿಲ ಕೆಳಗೇ ನಿಂತು ಯೋಚಿಸುತ್ತಿದ್ದರು. ಅದರಲ್ಲೂ ಹೆಂಗಸು. ನಮ್ಮಪ್ಪ ಇನ್ಶೂರೆನ್ಸ್ ಕೆಲಸಕ್ಕೆಂದು ಮೈಸೂರಿನ ಕಡೆಯಿಂದ ಮದರಾಸಿಗೆ ಬಂದವರು. ನಾನು ಇಲ್ಲೇ ಹುಟ್ಟಿ ಇಲ್ಲೇ ಓದಿದವಳು. ಮದುವೆಯಾಗಲಿಲ್ಲ. ಮನೆಯಲ್ಲಿ ಕಟ್ಟುನಿಟ್ಟಾದ ಸಸ್ಯಾಹಾರ, ಮೆಡಿಕಲ್ ಕಾಲೇಜಿನಲ್ಲಿ ಅದಕ್ಕೇ ಗೇಲಿ. ಗೆಳತಿಯರು ನನ್ನನ್ನು ಹೆಸರು ಹಿಡಿದು ಕರೆದದ್ದಕ್ಕಿಂತ ‘ತಯಿರ್ ಸಾದಂ’ ಎಂದು ಕರೆದದ್ದೇ ಹೆಚ್ಚು. ಮೊಸರನ್ನ. ಮೆತ್ತಗಿನವಳು, ಕೈಲಾಗದವಳು ಎಂದು ಅದರ ಅರ್ಥ. ನಾನು ನಗುತ್ತಿದ್ದೆ, ಆದರೆ ಆ ಮಾತು ಚುಚ್ಚುತ್ತಿತ್ತು, ಈಗಲೂ ಚುಚ್ಚುತ್ತದೆ. ಇದನ್ನು ಯಾಕೆ ಹೇಳಿದೆ ಎನ್ನುವುದು ಮುಂದೆ ತಿಳಿಯುತ್ತದೆ.

ಪ್ಯಾರೀಸ್ ಕಾರ್ನರಿನ ಹತ್ತಿರ ಒಂದು ದೊಡ್ಡ ಕಂಪನಿ. ಅದರ ಆಟಗಾರರ ತಂಡಕ್ಕೆ ನಾನು ಡಾಕ್ಟರು. ನೀನು ಅಲ್ಲಿ ಕ್ರೀಡಾ ಕೋಟಾದಲ್ಲಿ ಸೇರಿದ ಹುಡುಗಿ, ಟೆಲಿಫೋನ್ ಆಪರೇಟರ್, ಇನ್ನೂ ಟೆಂಪರರಿ. ಬೆಳಿಗ್ಗೆ ಮೈದಾನದಲ್ಲಿ ಗುಂಡು ಎಸೆಯುವುದು, ಹತ್ತು ಗಂಟೆಗೆ ಸ್ನಾನ ಮಾಡಿ ಜಡೆ ಹೆಣೆದು ಟೆಲಿಫೋನ್ ಬೋರ್ಡಿನ ಮುಂದೆ ಕೂರುವುದು. ಅಷ್ಟು ಅಗಲ ಭುಜದ ಹುಡುಗಿಗೆ ಅಷ್ಟು ಎಳೆಯ ದನಿ — ನಾನೇ ಎಷ್ಟು ಸಲ, ಬೇಕಾಗಿಲ್ಲದಿದ್ದರೂ, ಕಂಪನಿಗೆ ಫೋನು ಮಾಡಿದ್ದೇನೆ. ನೀನು ತಮಿಳಿನಲ್ಲಿ ಶುರುಮಾಡಿ, ನನ್ನ ದನಿ ಗುರುತು ಸಿಕ್ಕ ಕೂಡಲೇ ಕನ್ನಡಕ್ಕೆ ಹೊರಳುತ್ತಿದ್ದೆ. "ಎಂತ ಡಾಕ್ಟ್ರೇ, ಊಟ ಆಯ್ತಾ?" ಕಂಪನಿಯ ದೊಡ್ಡ ಸಾಹೇಬರೊಬ್ಬರು, ಆ ಹುಡುಗಿ ‘ಲೈನು ಬಿಜಿ’ ಎಂದರೂ ಬೇಜಾರಾಗುವುದಿಲ್ಲ ಎಂದು ಹೇಳುತ್ತಿದ್ದರಂತೆ.

ಮೊದಲ ಸಲ ನೀನು ಭುಜದ ನೋವೆಂದು ಬಂದಾಗ ಜೊತೆಯಲ್ಲಿ ನಿನ್ನ ಅಪ್ಪಯ್ಯ ಬಂದರು. ಅಣ್ಣಾ ನಗರದ ಸಸ್ಯಾಹಾರಿ ಹೋಟೆಲಿನಲ್ಲಿ ಮುಖ್ಯ ಅಡುಗೆಯವರು ಐತಾಳರು, ಕುಂದಾಪುರದ ಕಡೆಯವರು. ಅರ್ಧ ತೋಳಿನ ಬಿಳಿ ಅಂಗಿ, ಅದಕ್ಕೆ ಇಂಗು-ಒಗ್ಗರಣೆಯ ವಾಸನೆ, ಕೈಯಲ್ಲಿ ಬಾಳೆಲೆಯ ಪೊಟ್ಟಣದಲ್ಲಿ ಬಿಸಿ ಗೋಳಿಬಜೆ. ಅದನ್ನು ನನ್ನ ಮೇಜಿನ ಮೇಲಿಟ್ಟು, "ಕನ್ನಡ ಮಾತಾಡೂ ಹೆಂಗ್ಸ್ ಡಾಕ್ಟ್ರು ಇದ್ದಾರೆ ಅಂದ್ರು, ಹಾಂಗಾಗಿ ಬಂದದ್ದ್. ತಾಯಿ ಇಲ್ಲದ ಹೆಣ್ಣ್. ನಿಮ್ಮ ಕೈಯಗೆ ಹಾಕಿದ್ದೆ, ಕಾಣಿ" ಎಂದರು. ನೀನು ನಾಚಿ ಕಿಟಕಿಯ ಕಡೆ ತಿರುಗಿದೆ. ನನಗೆ — ಹೇಳಲು ನಾಚಿಕೆಯಾಗುತ್ತದೆ — ಹೆಮ್ಮೆಯಾಯಿತು. ಈ ಊರಿನಲ್ಲಿ ಕನ್ನಡಿಗರು ಸಿಕ್ಕಿದರೆ ಹಾಗೇ, ಅರ್ಧ ಸಂಬಂಧ ಆಗಲೇ ಕುದುರಿಬಿಡುತ್ತದೆ. ಅವರು ನನ್ನನ್ನು ಪರೀಕ್ಷಿಸಲೇ ಇಲ್ಲ.

ನಿನ್ನ ಕೋಚ್ ಮಾಣಿಕ್ಕಂ ಮಾಸ್ಟರ್, ಸೈನ್ಯದಿಂದ ನಿವೃತ್ತರಾಗಿ ಬಂದವರು, ಒಳ್ಳೆಯ ಮನುಷ್ಯ. ಅವರದ್ದು ಒಂದೇ ಹಟ: ಹುಡುಗಿ ಮೊಟ್ಟೆ ತಿನ್ನಬೇಕು. ದಿನಕ್ಕೆ ಆರು ಮೊಟ್ಟೆ, ವಾರಕ್ಕೆರಡು ದಿನ ಮಾಂಸ. ರಾಷ್ಟ್ರೀಯ ಕೂಟದಲ್ಲಿ ಪದಕ ಬಂದರೆ ನಿನ್ನ ಕೆಲಸ ಕಾಯಂ, ಇಲ್ಲದಿದ್ದರೆ ವರ್ಷದ ಕೊನೆಗೆ ಮನೆಗೆ. ಐತಾಳರು ಒಪ್ಪಲಿಲ್ಲ. ಹಬ್ಬಹರಿದಿನಗಳಲ್ಲಿ ಊರಿನ ಕನ್ನಡದವರ ಸಂತರ್ಪಣೆಗೆಲ್ಲ ಅವರೇ ಮಡಿಯುಟ್ಟು ಅಡುಗೆ ಮಾಡುವವರು. "ಮನಿಯೊಳ್ಗೆ ಮೊಟ್ಟೆ ಬಂದ್ರೆ ನಾನ್ ನಾಳೆ ಸಾರಿನ ಪಾತ್ರೆ ಮುಟ್ಟೂದ್ ಹ್ಯಾಂಗೆ?" ಎಂದು ನನ್ನನ್ನೇ ಕೇಳಿದರು. ಮಾಸ್ಟರ್ ನನ್ನ ಕ್ಲಿನಿಕ್ಕಿಗೆ ಬಂದು ಕುರ್ಚಿ ಎಳೆದು ಕೂತು, "ತಯಿರ್ ಸಾದಂ ಸಾಪ್ಟಾ ಗುಂಡು ಪೋಗಾದುಮ್ಮಾ" ಎಂದರು. ಮೊಸರನ್ನ ತಿಂದರೆ ಗುಂಡು ಹೋಗುವುದಿಲ್ಲಮ್ಮಾ.

ಬೇರೆ ಯಾವ ಮಾತು ಹೇಳಿದ್ದರೂ ನಾನು ನಕ್ಕು ಸುಮ್ಮನಾಗುತ್ತಿದ್ದೆನೋ ಏನೋ. ಆ ಎರಡು ಶಬ್ದ ಕೇಳಿ ನನಗೆ ಉರಿದುಹೋಯಿತು. ಕಾಲೇಜಿನ ಗೇಲಿ, ಬೋರ್ಡು ನೋಡಿ ನಕ್ಕವರು, ನನ್ನ ಹಿಂದಿನಿಂದ ಬಂದು ಮುಂದೆ ಹೋದ ಗಂಡಸರು, ಎಲ್ಲ ಒಟ್ಟಿಗೆ ಎದ್ದು ಬಂದವು. ಹೋಗುತ್ತದೆ ಮಾಸ್ಟರ್, ಹೋಗುವ ಹಾಗೆ ನಾನು ಮಾಡುತ್ತೇನೆ, ಎಂದುಬಿಟ್ಟೆ.

ಮಾಡುವ ದಾರಿ ನನಗೆ ಗೊತ್ತಿತ್ತು. ಅನಬಾಲಿಕ್ ಸ್ಟೀರಾಯ್ಡ್ ಎನ್ನುವ ಮದ್ದು. ಸುಟ್ಟಗಾಯಗಳಿಂದ ಸೊರಗಿದವರಿಗೆ, ಮೂಳೆ ಸವೆದ ಮುದುಕಿಯರಿಗೆ, ದೊಡ್ಡ ಆಪರೇಷನ್ನಾಗಿ ಎಲುಬಿನ ಹಂದರವಾದವರಿಗೆ ಕೊಡುವುದು. ಮೈ ತುಂಬಿಕೊಳ್ಳುತ್ತದೆ. ನಾನೇ ಎಷ್ಟೋ ಜನರಿಗೆ ಕೊಟ್ಟಿದ್ದೆ. ಹೊರದೇಶಗಳಲ್ಲಿ ಆಟಗಾರರು ಇದನ್ನು ತೆಗೆದುಕೊಳ್ಳುತ್ತಾರೆ, ದೊಡ್ಡ ಕೂಟಗಳಲ್ಲಿ ಅದಕ್ಕೆ ನಿಷೇಧವೂ ಇದೆ, ಪರೀಕ್ಷೆಯೂ ಇದೆ ಎಂದು ವೈದ್ಯಪತ್ರಿಕೆಗಳಲ್ಲಿ ಓದಿದ್ದೆ. ನಮ್ಮ ಕೂಟಗಳಲ್ಲಿ ಯಾರೂ ಪರೀಕ್ಷೆ ಮಾಡುತ್ತಿರಲಿಲ್ಲ. ಹೆಂಗಸರಿಗೆ ಕೊಟ್ಟರೆ ಏನಾಗುತ್ತದೆ ಎನ್ನುವುದನ್ನೂ ಅದೇ ಪುಟಗಳಲ್ಲಿ ಓದಿದ್ದೆ. ದನಿ ದಪ್ಪಗಾಗಬಹುದು, ಮುಖದ ಮೇಲೆ ಕೂದಲು ಬರಬಹುದು, ಮುಟ್ಟು ನಿಲ್ಲಬಹುದು. ದನಿ ಒಮ್ಮೆ ಒಡೆದರೆ ಮತ್ತೆ ಕೂಡುವುದಿಲ್ಲ. ಗೊತ್ತಿಲ್ಲದೆ ಮಾಡಿದೆ ಎಂದು ಹೇಳಲು ನನಗೆ ಒಂದು ಸಂದೂ ಇಲ್ಲ, ವಾರಿಜಾ. ಸ್ವಲ್ಪ ದಿನ, ಸ್ವಲ್ಪ ಪ್ರಮಾಣ, ಏನೂ ಆಗುವುದಿಲ್ಲ — ಎಂದು ನನಗೆ ನಾನೇ ಹೇಳಿಕೊಂಡೆ. ನಿನಗೆ ಹೇಳಲಿಲ್ಲ.

ಆ ಮೊದಲ ಶನಿವಾರ ಕಣ್ಣಿಗೆ ಕಟ್ಟಿದ ಹಾಗಿದೆ. ಅರ್ಧ ದಿನದ ಕಚೇರಿ ಮುಗಿಸಿ ನೀನು ಬಸ್ಸಿನಲ್ಲಿ ಬಂದೆ. ಹೋಟೆಲಿನ ಮಧ್ಯಾಹ್ನದ ಊಟದ ಗಡಿಬಿಡಿ ಮುಗಿಸಿ ಐತಾಳರೂ ಬಂದರು. ಮದ್ದು ಎಣ್ಣೆಯಲ್ಲಿರುವುದರಿಂದ ಮಂದ. ಸಣ್ಣ ಗಾಜಿನ ಸೀಸೆಯನ್ನು ಬಿಸಿನೀರಿನ ಲೋಟದಲ್ಲಿ ಇಳಿಬಿಟ್ಟಿದ್ದೆ. ಐತಾಳರು ಖಾಲಿ ಡಬ್ಬಿಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಮೇಲೆಲ್ಲ ಇಂಗ್ಲಿಷಿನ ಸಣ್ಣ ಅಕ್ಷರ. ಅವರಿಗೆ ಕನ್ನಡ ಓದಲು ಬರುತ್ತಿತ್ತು, ಬಸ್ಸಿನ ಬೋರ್ಡಿನಷ್ಟು ತಮಿಳು ಬರುತ್ತಿತ್ತು.

"ಡಾಕ್ಟ್ರೇ, ಈ ಮದ್ದಿನೊಳ್ಗೆ ಮೊಟ್ಟೆ ಗಿಟ್ಟೆ, ಮೀನೆಣ್ಣೆ, ಅಂಥದ್ದೆಂತ ಇಲ್ಲೆ ಅಲ್ದಾ?"

"ಇಲ್ಲ ಐತಾಳ್ರೇ. ಕಡಲೆಕಾಯಿ ಎಣ್ಣೇಲಿ ಕರಗಿಸಿರೋದು, ಅಷ್ಟೇ."

"ಕಡ್ಲೆ ಎಣ್ಣೆಯಾ?" ಅವರ ಮುಖ ಅರಳಿತು. "ನಮ್ಮ ಹೋಟ್ಲಗೂ ಅದೇ. ಹಾಂಗಾರೆ ಅಡ್ಡಿಲ್ಲೆ. ಹಾಕಿ."

ನಾನು ಹೇಳಿದ್ದು ಸುಳ್ಳಲ್ಲ. ಆ ಮದ್ದನ್ನು ಕಡಲೆಕಾಯಿ ಎಣ್ಣೆಯಲ್ಲೇ ಕರಗಿಸುವುದು. ಇಷ್ಟು ವರ್ಷಗಳಲ್ಲಿ ನಾನು ಸುಳ್ಳು ಹೇಳಿದ್ದನ್ನು ಮರೆತ ದಿನಗಳಿವೆ. ಆ ಒಂದು ನಿಜ ಹೇಳಿದ್ದನ್ನು ಮರೆಯಲು ಆಗಿಲ್ಲ. ಅಡುಗೆಯವರೊಬ್ಬರು ಕೇಳಬಲ್ಲ ಪ್ರಶ್ನೆ ಅದೊಂದೇ. ಎಣ್ಣೆ ಯಾವುದು, ಪಾತ್ರೆಯಲ್ಲಿ ಏನು ಬಿದ್ದಿದೆ. ಅವರು ತಮ್ಮ ಮಟ್ಟಿಗೆ ಪೂರ್ತಿ ವಿಚಾರಿಸಿದರು. ಅವರು ಕೇಳದೆ ಬಿಟ್ಟದ್ದನ್ನು ಹೇಳಬೇಕಾದವಳು ನಾನು, ಅದಕ್ಕೇ ನನ್ನನ್ನು ಡಾಕ್ಟರು ಎನ್ನುವುದು. ನಾನು ಸೂಜಿ ಸಿದ್ಧ ಮಾಡಿದೆ. ನೀನು ನನ್ನ ಭುಜ ಹಿಡಿದುಕೊಂಡು ಕಣ್ಣುಮುಚ್ಚಿದೆ.

ಆಮೇಲಿನ ವಾರಗಳು ಹಬ್ಬದ ಹಾಗೆ. ನಾಲ್ಕನೆಯ ವಾರಕ್ಕೆ ನಿನ್ನ ರವಿಕೆಯ ತೋಳು ಬಿಗಿಯಾಯಿತು, ದರ್ಜಿ ಹೊಲಿಗೆ ಬಿಚ್ಚಿಕೊಟ್ಟ ಎಂದು ನಗುತ್ತ ಹೇಳಿದೆ. ಗುಂಡು ಮೊದಲು ಬೀಳುತ್ತಿದ್ದ ಜಾಗ ದಾಟಿ, ಮಾಸ್ಟರ್ ಸುಣ್ಣದ ಗೆರೆ ಹೊಸದಾಗಿ ಎಳೆಯುವಂತಾಯಿತು. ರಾಜ್ಯ ಕೂಟದಲ್ಲಿ ನೀನು ಮೊದಲನೆಯವಳಾಗಿ ಬಂದೆ. ಮಾಸ್ಟರ್ ಎಲ್ಲರ ಎದುರಿಗೇ ನನಗೆ ಕೈಮುಗಿದು, "ತಯಿರ್ ಸಾದಂ ಜಯಿಚ್ಚಿಡಿಚ್ಚು" ಎಂದರು — ಮೊಸರನ್ನ ಗೆದ್ದುಬಿಟ್ಟಿತು. ನನಗೆ ಎಷ್ಟು ಸಂತೋಷವಾಯಿತೆಂದರೆ, ಸೂಜಿಯ ಕೆಲಸವನ್ನು ಮರೆತು ಮೊಸರನ್ನವೇ ಗೆದ್ದಿತೆಂದು ನಾನೂ ನಂಬಿದೆ.

ನಂಬಿ ಸುಮ್ಮನಿದ್ದರೂ ಆಗುತ್ತಿತ್ತು. ವೈದ್ಯರ ಸಭೆಯೊಂದರಲ್ಲಿ ಸಸ್ಯಾಹಾರ ಮತ್ತು ಸ್ನಾಯುಬಲ ಎಂದು ಭಾಷಣ ಮಾಡಿದೆ. ಹುರಿಗಡಲೆ, ಹೆಸರುಬೇಳೆ, ನೆನೆಸಿದ ಕಡಲೆಕಾಯಿ, ಗಟ್ಟಿ ಮೊಸರು ಎಂದು ಪಟ್ಟಿ ಮಾಡಿ ತೋರಿಸಿ, ಕೊನೆಯಲ್ಲಿ ಪದಕ ಹಾಕಿಕೊಂಡ ನಿನ್ನ ಫೋಟೋ ಪರದೆಯ ಮೇಲೆ ಬಿಟ್ಟೆ. ಚಪ್ಪಾಳೆ ಬಿತ್ತು. ಕಂಪನಿಯ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಐತಾಳರು ಆ ಪುಟಕ್ಕೆ ಕಟ್ಟು ಹಾಕಿಸಿ ಅಡುಗೆಮನೆಯ ಬಾಗಿಲ ಮೇಲೆ ತೂಗುಹಾಕಿದರು, ಅದರ ಪಕ್ಕದಲ್ಲೇ ಅನ್ನಪೂರ್ಣೇಶ್ವರಿ. ನಾನು ಅಲ್ಲಿ ಊಟಕ್ಕೆ ಹೋದಾಗ ಕರೆದುಕೊಂಡು ಹೋಗಿ ತೋರಿಸಿದರು. ಪಾಯಸ ಎರಡು ಸಲ ಬಡಿಸಿದರು. ತಿಂದೆ.

ಹತ್ತನೆಯ ಶನಿವಾರ. ಇಲ್ಲಿಯವರೆಗಿನದ್ದು ಒಂದು ತಪ್ಪು, ಇಲ್ಲಿಂದ ಮುಂದಿನದ್ದು ಬೇರೆ. ನೀನು ಒಳಗೆ ಬಂದು, "ಡಾಕ್ಟ್ರೇ, ಗಂಟ್ಲಗೆ ಕಫ ಕಟ್ಟಿದ್ಯಾ ಕಾಣಿ. ನಾಲ್ಕ್ ದಿನ ಆಯ್ತ್, ಹೋತಿಲ್ಲೆ" ಎಂದೆ. ಆ ‘ಹೋತಿಲ್ಲೆ’ ಎನ್ನುವಾಗ ದನಿ ಮಧ್ಯದಲ್ಲಿ ಜಾರಿ ಕೆಳಗೆ ಬಿತ್ತು. ಮೀಸೆ ಚಿಗುರುವ ಹುಡುಗರಿಗೆ ಆಗುವ ಹಾಗೆ. ಆಮೇಲೆ ತಲೆ ತಗ್ಗಿಸಿ, ಎರಡು ತಿಂಗಳಿಂದ ಹೊರಗಾಗಲಿಲ್ಲ ಎಂದೂ ಹೇಳಿದೆ. ಅದನ್ನು ಹೇಳಿಕೊಳ್ಳಲು ನಿನಗೆ ಮನೆಯಲ್ಲಿ ಹೆಂಗಸರಿರಲಿಲ್ಲ. ನನ್ನ ಮುಂದೆ ಹೇಳಲು ಸಹ ಬಸ್ಸಿನಲ್ಲಿ ಅಷ್ಟು ದೂರ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದೆ ಎನ್ನುವುದು ಕಾಣುತ್ತಿತ್ತು.

ಬ್ಯಾಟರಿ ಹಾಕಿ ಗಂಟಲು ನೋಡಿದೆ. ಅಲ್ಲಿ ಕಫವೂ ಇರಲಿಲ್ಲ, ಏನೂ ಇರಲಿಲ್ಲ. ನನಗೆ ಆ ಕ್ಷಣವೇ ಗೊತ್ತಾಯಿತು. ಅಂದೇ ನಿಲ್ಲಿಸಿದ್ದರೆ — ಪೂರ್ತಿ ಅಲ್ಲದಿದ್ದರೂ ಅರ್ಧ ದನಿಯಾದರೂ ನಿನಗೆ ಉಳಿಯುತ್ತಿತ್ತು. ರಾಷ್ಟ್ರೀಯ ಕೂಟಕ್ಕೆ ಇನ್ನು ಆರು ವಾರ. ಬಿಸಿನೀರಿಗೆ ಉಪ್ಪು ಹಾಕಿ ಗಂಟಲು ತೊಳೆ, ಅಭ್ಯಾಸ ಹೆಚ್ಚಾದಾಗ ಮುಟ್ಟು ತಪ್ಪುವುದು ಸಹಜ, ಹೆದರಬೇಡ ಎಂದೆ. ಎಂದು, ಹತ್ತನೆಯದನ್ನು ಹಾಕಿದೆ. ಮುಂದಿನ ವಾರ ಹನ್ನೊಂದನೆಯದು. ಹೀಗೆ ಹದಿನಾರರವರೆಗೆ, ಪ್ರತಿ ಶನಿವಾರ ನಿನ್ನ ದನಿ ಹಿಂದಿನ ಶನಿವಾರಕ್ಕಿಂತ ಒಂದು ಮೆಟ್ಟಿಲು ಕೆಳಗಿಳಿದದ್ದನ್ನು ಕೇಳುತ್ತ, ಕೇಳಿಸದವಳಂತೆ ಸ್ಪಿರಿಟ್ಟಿನ ಹತ್ತಿ ಹಿಂಡುತ್ತ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುತ್ತಾರಲ್ಲ, ಆ ಬೇಲಿ ನಾನು.

ನಿನಗೆ ಬೆಳ್ಳಿ ಪದಕ ಬಂತು. ಕೆಲಸ ಕಾಯಂ ಆಯಿತು. ಆ ಆರ್ಡರ್ ಬಂದ ತಿಂಗಳಲ್ಲೇ ಫೋನು ಮಾಡಿದವರು ನಿನ್ನನ್ನು ‘ಸಾರ್’ ಎನ್ನತೊಡಗಿದರು. ಮೊದಲು ನೀನೇ ಅದನ್ನು ನಗೆಯ ಮಾತಾಗಿ ಹೇಳಿದೆ. ‘ಸಾರ್, ಆಪರೇಟರ್ ಎಂಗೇ?’ — ಆಪರೇಟರ್ ಎಲ್ಲಿ — ಎಂದು ಕೇಳುತ್ತಾರೆ ಡಾಕ್ಟ್ರೇ, ಊಟಕ್ಕೆ ಹೋಗಿದ್ದಾಳೆ ಎಂದು ಹೇಳಿ ಲೈನು ಕೊಡುತ್ತೇನೆ, ಎಂದು. ಎರಡನೆಯ ಸಲ ಹೇಳುವಾಗ ನಗಲಿಲ್ಲ. ಮೂರು ತಿಂಗಳಿಗೆ ನಿನ್ನನ್ನು ಬೋರ್ಡಿನಿಂದ ಎಬ್ಬಿಸಿ ಹಳೆಯ ಫೈಲುಗಳ ಕೋಣೆಗೆ ಹಾಕಿದರು. ಅಲ್ಲಿ ಯಾರೊಂದಿಗೂ ಮಾತಾಡುವ ಕೆಲಸವಿಲ್ಲ.

ಆಗ ನೀವಿಬ್ಬರೂ ಬಂದಿರಿ. ನೀನು ಸೆರಗನ್ನು ಗಲ್ಲದವರೆಗೆ ಎಳೆದುಕೊಂಡಿದ್ದೆ. ಕೂತವಳೇ ಕೇಳಿದೆ.

"ಡಾಕ್ಟ್ರೇ, ಇದು ಆ ಇಂಜೆಕ್ಷನ್ನಿಂದ ಆದದ್ದಾ?"

ನಿನಗೆ ಸಂಶಯ ಬಂದಿತ್ತು. ಬುದ್ಧಿವಂತೆ ನೀನು. ನಾನು ಹೌದು ಎಂದರೆ — ನನ್ನ ಭಾಷಣ, ಅಚ್ಚಾದ ಆ ಪುಟ, ಬೋರ್ಡಿನ ಮೇಲಿನ ಹೆಸರು, ಡಾಕ್ಟರಿಕೆ, ಎಲ್ಲ ಹೋಗುತ್ತಿತ್ತು. ಇದು ಕಾರಣವೇ ಹೊರತು ಸಮರ್ಥನೆಯಲ್ಲ. ನಾನು ಯೋಚಿಸಲೂ ಇಲ್ಲ. ಬಾಯಿಗೆ ತಾನಾಗಿ ಬಂತು.

"ಇಲ್ಲ ಮಗೂ. ಕೆಲವರ ಮೈ ಹುಟ್ಟಿನಿಂದಲೇ ಹಾಗೆ. ವಯಸ್ಸಿಗೆ ಬಂದಮೇಲೆ ಗೊತ್ತಾಗುತ್ತೆ. ಯಾರ ತಪ್ಪೂ ಅಲ್ಲ."

‘ಮಗೂ’ ಎಂದೆ. ಅದುವರೆಗೆ ನಾನು ನಿನ್ನನ್ನು ಹಾಗೆ ಕರೆದಿರಲಿಲ್ಲ. ಕಂಪನಿಗೆ ಕೊಡಲು ಒಂದು ಚೀಟಿ ಬೇಕು ಎಂದಿರಿ. ನನ್ನ ಹೆಸರಿನ ಕಾಗದದಲ್ಲಿ, ಇದು ಹುಟ್ಟಿನಿಂದ ಬಂದ ಹಾರ್ಮೋನಿನ ವ್ಯತ್ಯಾಸ ಎಂದು ಬರೆದು ಸಹಿ ಹಾಕಿ ಸೀಲು ಒತ್ತಿದೆ. ಐತಾಳರು ಅದನ್ನು ನಾಲ್ಕಾಗಿ ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡರು. ಏನೂ ಕೇಳಲಿಲ್ಲ. ಹೋಗುವಾಗ, "ನಮ್ಮ ಮನಿಯಗೇ ಎಂತದೋ ದೋಷ ಇತ್ತ್ ಕಾಣತ್ತ್" ಎಂದಷ್ಟೇ ಹೇಳಿದರು.

ಆ ಒಂದು ಚೀಟಿ ಏನೇನು ಮಾಡಿತು ಎನ್ನುವುದನ್ನು ನಾನು ಚೂರುಚೂರಾಗಿ ಕೇಳಿದ್ದೇನೆ. ಅವರು ಊರಿಗೆ ಹೋಗಿ ಜ್ಯೋತಿಷಿಗಳ ಹತ್ತಿರ ಪ್ರಶ್ನೆ ಇಡಿಸಿದರು. ಸರ್ಪದೋಷವೆಂದು ಬಂತು. ತಮ್ಮ ಹಿರಿಯರು ಯಾರೋ ನಾಗನ ಬನ ಕಡಿದಿರಬೇಕೆಂದು ನಂಬಿ, ಪ್ರತಿ ವರ್ಷ ರಜೆ ಹಾಕಿ ಊರಿಗೆ ಹೋಗಿ ಆಶ್ಲೇಷಾ ಬಲಿ ಸೇವೆ ಮಾಡಿಸತೊಡಗಿದರು. ಗಂಡಿನ ಕಡೆಯವರು ಒಬ್ಬರು ಬಂದಾಗ, ಮುಚ್ಚಿಟ್ಟು ಮದುವೆ ಮಾಡುವುದು ಪಾಪ ಎಂದು ಐತಾಳರೇ ಆ ಚೀಟಿ ತೆಗೆದು ತೋರಿಸಿದರು. ಬಂದವರು ಕಾಫಿ ಕುಡಿದು ಎದ್ದುಹೋದರು. ಎರಡನೆಯ ಗಂಡು ಬರಲಿಲ್ಲ. ನನ್ನ ಸುಳ್ಳನ್ನು ಆ ಮನುಷ್ಯ ತಮ್ಮ ಸತ್ಯದಿಂದ ಊರಿಡೀ ಸಾರಿದರು. ಮತ್ತು ಪ್ರತಿ ವರ್ಷ ಬಲಿ ಮುಗಿಸಿ ಬಂದವರು, ನನ್ನ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿ, ಅರಸಿನ ಹಚ್ಚಿದ ಪ್ರಸಾದದ ಪೊಟ್ಟಣ ಕೊಟ್ಟು ಹೋಗುತ್ತಿದ್ದರು. ನಾನು ಎರಡು ಕೈಯಲ್ಲಿ ತೆಗೆದುಕೊಳ್ಳುತ್ತಿದ್ದೆ. ಅವರು ಹೋದ ಮೇಲೆ ಅದನ್ನು ಬಾಯಿಗೆ ಹಾಕಿಕೊಳ್ಳಲೂ ಆಗದೆ, ಎಸೆಯಲೂ ಆಗದೆ, ಔಷಧಿಯ ಬೀರುವಿನಲ್ಲಿ ಇಡುತ್ತಿದ್ದೆ. ಒಂಬತ್ತು ಪೊಟ್ಟಣ ಇವೆ.

ನೀನು ಬರುವುದನ್ನು ಬಿಟ್ಟೆ. ಗುಂಡು ಎಸೆಯುವುದನ್ನೂ ಬಿಟ್ಟೆ. ಮಾಸ್ಟರ್ ಒಂದು ಸಲ ಸಿಕ್ಕಿ, ಅಂದಪ್ಪೊಣ್ಣು ಪೇಸ್ರದೇ ಇಲ್ಲೆ — ಆ ಹುಡುಗಿ ಮಾತೇ ಆಡುವುದಿಲ್ಲ — ಎಂದರು. ಅವರಿಗೆ ಗೊತ್ತಿತ್ತೇ? ಗೊತ್ತಿರಬಹುದು, ಕೇಳಿರಲಿಲ್ಲ. ಆಮೇಲೆ ನಾನು ಯಾರಿಗೂ ಆ ಮದ್ದು ಕೊಡಲಿಲ್ಲ. ಇದನ್ನು ಪುಣ್ಯದ ಲೆಕ್ಕಕ್ಕೆ ಬರೆದುಕೊಂಡಿದ್ದೆ ಎಷ್ಟೋ ದಿನ. ಎಂಥ ಪುಣ್ಯ! ಕೈ ಸುಟ್ಟುಕೊಂಡವರು ಒಲೆ ಮುಟ್ಟದಿರುವುದಕ್ಕೆ ಪುಣ್ಯವೆನ್ನುತ್ತಾರೆಯೇ — ಅದರಲ್ಲೂ ಸುಟ್ಟದ್ದು ನನ್ನ ಕೈಯೂ ಅಲ್ಲ.

ಹೀಗೇ ಇದ್ದುಬಿಡುತ್ತಿದ್ದೆ. ಅದೂ ನಿಜ. ಮೊನ್ನೆ ಗುರುವಾರ ಬೆಳಿಗ್ಗೆ ಕ್ಲಿನಿಕ್ಕಿನ ಫೋನು ಹೊಡೆದುಕೊಳ್ಳದಿದ್ದರೆ, ಈ ಕಾಗದ ಇರುತ್ತಿರಲಿಲ್ಲ.

ಒಂದು ಗಂಡು ದನಿ. ಕನ್ನಡದಲ್ಲಿ. ಅಣ್ಣಾ ನಗರದ ಐತಾಳರಿಗೆ ಮೊಣಕಾಲು ಬಾತುಕೊಂಡಿದೆ, ಸೋಮವಾರ ಕರೆದುಕೊಂಡು ಬರಬಹುದೇ ಎಂದು ಕೇಳಿತು. ಡೈರಿ ಬಿಡಿಸುತ್ತ, ಯೋಚನೆಯೇ ಇಲ್ಲದೆ ಕೇಳಿದೆ. "ಬನ್ನಿ, ಹತ್ತು ಗಂಟೆಗೆ ಬನ್ನಿ. ತಾವು ಯಾರು ಸಾರ್ ಮಾತಾಡೋದು?"



"ನಾನ್ ವಾರಿಜಾ, ಡಾಕ್ಟ್ರೇ."

ನಾನು ಡೈರಿ ಮುಚ್ಚಿದೆ. ನೀನೇ ಮುಂದುವರಿಸಿದೆ. "ಬೇಜಾರ್ ಮಾಡ್ಕಣ್ಬೇಡಿ. ಎಲ್ಲರೂ ಹಾಂಗೇ ಹೇಳೂದ್. ನಂಗೆ ಅಭ್ಯಾಸ ಆಯ್ತ್." ನೀನು ನನ್ನನ್ನು ಸಮಾಧಾನ ಮಾಡಿದೆ. ನೀನು, ನನ್ನನ್ನು. ಆಮೇಲೆ ಹೇಳಿದೆ, ಅಪ್ಪಯ್ಯ ಮುಂದಿನ ವಾರ ಊರಿಗೆ ಹೊರಟಿದ್ದಾರೆ, ಈ ವರ್ಷದ ಬಲಿಗೆ. ನೆಲದ ಮೇಲೆ ಕಾಲು ಮಡಿಸಿ ಎರಡು ಗಂಟೆ ಕೂರಬೇಕು, ಕೂರಲಾಗುವುದಿಲ್ಲ, ಹೋಗಬೇಡಿ ಎಂದರೆ ಕೇಳುವುದಿಲ್ಲ, ಮೊಣಕಾಲಿಗೆ ಒಂದು ಇಂಜೆಕ್ಷನ್ ಕೊಟ್ಟರೆ ಆದೀತೋ ಎಂದು. ಫೋನಿನ ಹತ್ತಿರವೇ ಅವರು ನಿಂತಿದ್ದರು, ದನಿ ಕೇಳಿಸುತ್ತಿತ್ತು. ಏನೋ ಹೇಳಿದರು. ನೀನು ಅದನ್ನು ನನಗೆ ದಾಟಿಸಿದೆ.

"ಅಪ್ಪಯ್ಯ ಕೇಂತ್ರ್ — ಆ ಮದ್ದಿನೊಳ್ಗೆ ಮೊಟ್ಟೆ ಗಿಟ್ಟೆ ಇಲ್ಲೆ ಅಲ್ದಾ ಅಂತ."

ಇಲ್ಲ ಎಂದೆ. ಫೋನು ಇಟ್ಟು, ಕಾದಿದ್ದ ರೋಗಿಗಳನ್ನೆಲ್ಲ ನಾಳೆ ಬನ್ನಿ ಎಂದು ಕಳಿಸಿ, ಬಾಗಿಲು ಹಾಕಿಕೊಂಡು ಅತ್ತೆ. ಎಷ್ಟೋ ವರ್ಷಗಳ ಮೇಲೆ ಅತ್ತದ್ದು. ಅಳುವುದು ಸುಲಭ, ಅದನ್ನೂ ನಿನಗೆ ಲೆಕ್ಕ ತೋರಿಸುತ್ತಿಲ್ಲ.

ಇವತ್ತು ಭಾನುವಾರ ಮಧ್ಯಾಹ್ನ. ಬೀರುವಿನಿಂದ ನಿನ್ನ ಹಳೆಯ ಕೇಸ್ ಶೀಟು ತೆಗೆದಿದ್ದೇನೆ. ಹದಿನಾರು ತಾರೀಖು, ಹದಿನಾರು ಸಲ ಮದ್ದಿನ ಹೆಸರು, ಪ್ರಮಾಣ, ನನ್ನ ಸಹಿ. ಎಲ್ಲೂ ಅಳಿಸಿಲ್ಲ. ಹರಿದುಹಾಕಬೇಕೆಂದು ಎರಡು ಸಲ ತೆಗೆದದ್ದು ಉಂಟು. ಯಾಕೆ ಹರಿಯಲಿಲ್ಲ ಎಂದು ನನಗೇ ಗೊತ್ತಿಲ್ಲ. ಅದರ ಜೊತೆ ಇನ್ನೊಂದು ಕಾಗದ ಬರೆದು ಸೀಲು ಒತ್ತಿದ್ದೇನೆ: ಹಿಂದೆ ಕೊಟ್ಟ ಚೀಟಿ ಸುಳ್ಳು, ಈ ಹೆಣ್ಣುಮಗಳಿಗೆ ಹುಟ್ಟಿನಿಂದ ಯಾವ ದೋಷವೂ ಇರಲಿಲ್ಲ, ಆದದ್ದಕ್ಕೆಲ್ಲ ನಾನು ಕೊಟ್ಟ ಮದ್ದೇ ಕಾರಣ ಎಂದು. ಅದನ್ನು ನೀನು ಕಂಪನಿಗೆ ಕೊಡು, ಕೋರ್ಟಿಗೆ ಕೊಡು, ಒಲೆಗೆ ಹಾಕು. ಎಲ್ಲಿಗೆ ಕರೆದರೂ ನಾನು ಬಂದು ಅದು ನನ್ನ ಸಹಿ ಎನ್ನುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯೆ, ಗುರುವಾರ ಮಾಡಿದ ಹಾಗೆ. ಆ ಕೆಲಸವನ್ನೂ ನಿನ್ನ ಮೇಲೆ ಹೊರಿಸಲಾರೆ.

ನಾಳೆ ಹತ್ತು ಗಂಟೆಗೆ ನೀವಿಬ್ಬರೂ ಬರುತ್ತೀರಿ. ಮೊದಲು ಈ ಕಾಗದವನ್ನು ನಿನ್ನ ಕೈಗೆ ಕೊಟ್ಟು, ನೀನು ಓದಿ ಮುಗಿಸುವವರೆಗೆ ಎದುರಿಗೆ ಕೂತಿರುತ್ತೇನೆ. ನಿನ್ನ ಅಪ್ಪಯ್ಯನಿಗೆ ಹೇಳಲೋ ಬೇಡವೋ ಎಂದು ನಿನ್ನನ್ನು ಕೇಳುವುದಿಲ್ಲ. ಅವರು ಮಾಡದ ಪಾಪಕ್ಕೆ ಆ ಕಾಲು ಮಡಿಸಿ ನೆಲದ ಮೇಲೆ ಕೂರಲು ಹತ್ತನೆಯ ಸಲ ಹೊರಟಿದ್ದಾರೆ. ನಾನೇ ಹೇಳುತ್ತೇನೆ. ಕಾಗದದಲ್ಲಲ್ಲ, ಬಾಯಿಯಲ್ಲಿ, ಅವರು ನನ್ನನ್ನು ನಂಬಿದ ಕನ್ನಡದಲ್ಲೇ. ನಿನ್ನೆಯಿಂದ ಆ ಮಾತನ್ನು ಒಬ್ಬಳೇ ಕೂತು ಹೇಳಿ ಹೇಳಿ ನೋಡುತ್ತಿದ್ದೇನೆ, ಅರ್ಧದಲ್ಲಿ ನಿಲ್ಲಬಾರದಲ್ಲ.

ಐತಾಳ್ರೇ, ಮದ್ದಿನಲ್ಲಿ ಮೊಟ್ಟೆ ಇರಲಿಲ್ಲ. ಗಂಡಸಿನ ಹಾರ್ಮೋನು ಇತ್ತು. ನಿಮ್ಮ ಮನೆಯಲ್ಲಿ ಯಾವ ದೋಷವೂ ಇಲ್ಲ. ನೀವು ಊರಿಗೆ ಹೋಗಬೇಡಿ.